ಹಬ್ಸಿಯ ಒಪ್ಪಂದ, ನಮ್ಮ ಒಪ್ಪಂದ

ಒಮಾನಿನಲ್ಲಿ ದುಡಿಯುವ ನಮ್ಮ ಹುಡುಗರಿಗೆ ಫುಟ್ಬಾಲ್ ಅಂದರೆ ಜೀವ. ಗುರುವಾರ ರಾತ್ರಿ ಡ್ಯೂಟಿ ಮುಗಿಸಿ ಬಂದು, ಬಾಡಿಗೆ ಮೈದಾನದಲ್ಲಿ ಹನ್ನೆರಡು ಗಂಟೆಯವರೆಗೆ ಆಡಿ, ರೂಮಿಗೆ ಬಂದ ಮೇಲೂ ಮೆಸ್ಸಿ ದೊಡ್ಡವನೋ ರೊನಾಲ್ಡೋ ದೊಡ್ಡವನೋ ಅಂತ ಜಗಳ ಮುಗಿಯುವುದಿಲ್ಲ. ಆದರೆ ಇದೇ ಒಮಾನಿನ ಒಬ್ಬ ಆಟಗಾರ ನಮ್ಮ ಹಾಗೆಯೇ ಸೂಟ್‌ಕೇಸ್ ಹಿಡಿದು ಪರದೇಶಕ್ಕೆ ಹೋಗಿ, ಹದಿನೇಳು ವರ್ಷ ಅಲ್ಲಿ ಇಲ್ಲಿ ದುಡಿದು ಊರಿಗೆ ಮರಳಿದ ಕಥೆ ನಮ್ಮಲ್ಲಿ ಹೆಚ್ಚಿನವರಿಗೆ ಪೂರ್ತಿ ಗೊತ್ತಿಲ್ಲ. ಅವರ ಹೆಸರು ಅಲಿ ಅಲ್ ಹಬ್ಸಿ. ಅವರ ಆಟಕ್ಕಿಂತಲೂ, ಅವರು ಒಂದು ಕೆಲಸದಿಂದ ಇನ್ನೊಂದು ಕೆಲಸಕ್ಕೆ ಹೋದ ರೀತಿಯಲ್ಲಿ ನಮಗೆ ಕಲಿಯಲಿಕ್ಕೆ ಬಹಳ ಉಂಟು. ಅದನ್ನು ಹೇಳಲಿಕ್ಕಾಗಿಯೇ ಈ ಲೇಖನ.

ಹಬ್ಸಿ ಹುಟ್ಟಿದ್ದು 1981ರಲ್ಲಿ, ಶರ್ಕಿಯಾ ಕಡೆಯ ಮುದೈಬಿಯಲ್ಲಿ. ಸಿನಾವ್, ಇಬ್ರಾ ಕಡೆ ಅಂಗಡಿಗಳಲ್ಲಿ ದುಡಿದ ನಮ್ಮವರಿಗೆ ಆ ಊರು ಗೊತ್ತು. ಊರಿನ ಸಣ್ಣ ಕ್ಲಬ್ಬಿನಲ್ಲಿ ಗೋಲ್‌ಕೀಪರ್. ಆಗ ಒಮಾನಿನಲ್ಲಿ ಫುಟ್ಬಾಲ್ ಆಡಿ ಮನೆ ನಡೆಸುವ ಹಾಗಿರಲಿಲ್ಲ. ಹೊಟ್ಟೆಪಾಡಿಗೆ ಸೀಬ್ ವಿಮಾನ ನಿಲ್ದಾಣದಲ್ಲಿ ಅಗ್ನಿಶಾಮಕ ಸಿಬ್ಬಂದಿಯ ಕೆಲಸ. ಇವರನ್ನು ಗುರುತಿಸಿದವರು ಜಾನ್ ಬರಿಜ್ ಎಂಬ ಇಂಗ್ಲಿಷ್ ಕೋಚ್. ಈ ಬರಿಜ್ ಕೂಡ ಸಾಮಾನ್ಯ ಮನುಷ್ಯ ಅಲ್ಲ. 1969ರಲ್ಲಿ ವರ್ಕಿಂಗ್ಟನ್ ಕ್ಲಬ್ಬಿನಲ್ಲಿ ಶುರು ಮಾಡಿ, ಸುಮಾರು ಮೂವತ್ತು ವರ್ಷ ಒಂದು ಕ್ಲಬ್ಬಿನಿಂದ ಇನ್ನೊಂದಕ್ಕೆ ತಿರುಗಿದ ಗೋಲ್‌ಕೀಪರ್. 1995ರಲ್ಲಿ ಮ್ಯಾಂಚೆಸ್ಟರ್ ಸಿಟಿ ಪರ ಆಡುವಾಗ ಅವರಿಗೆ 43 ವರ್ಷ. ಪ್ರೀಮಿಯರ್ ಲೀಗ್‌ನಲ್ಲಿ ಅಷ್ಟು ವಯಸ್ಸಿನಲ್ಲಿ ಬೇರೆ ಯಾರೂ ಆಡಿಲ್ಲ. ಊರೂರು ತಿರುಗಿ ಬದುಕಿದ ಆ ಮನುಷ್ಯ ಒಮಾನಿಗೆ ಬಂದು, ಇನ್ನೊಬ್ಬ ಹುಡುಗನನ್ನು ಪರದೇಶಕ್ಕೆ ತಯಾರು ಮಾಡಿದರು.

ಇಲ್ಲಿ ಮೊದಲ ಪಾಠ. ಹಬ್ಸಿಗೆ ಮೊದಲು ಸಿಕ್ಕಿದ್ದು ತರಬೇತಿ, ಆಮೇಲೆ ವೀಸಾ. ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಯುರೋಪಿನ ಹೊರಗಿನ ಆಟಗಾರನಿಗೆ ಕೆಲಸದ ಪರವಾನಗಿ ಬೇಕಾದರೆ ಕಠಿಣ ಶರತ್ತುಗಳಿದ್ದವು. ಹಿಂದಿನ ಎರಡು ವರ್ಷಗಳಲ್ಲಿ ತನ್ನ ದೇಶದ ಸ್ಪರ್ಧಾತ್ಮಕ ಪಂದ್ಯಗಳಲ್ಲಿ ನೂರಕ್ಕೆ 75ರಷ್ಟನ್ನು ಆಡಿರಬೇಕು, ದೇಶ ಫಿಫಾ ಪಟ್ಟಿಯಲ್ಲಿ ಮೊದಲ 70ರೊಳಗೆ ಇರಬೇಕು. ಹಬ್ಸಿ 2003ರಲ್ಲಿ ಮೊದಲು ಹೋದದ್ದು ನಾರ್ವೆಗೆ, ಓಸ್ಲೋದ ಲಿನ್ ಕ್ಲಬ್ಬಿಗೆ. ಮರಳುಗಾಡಿನ ಹುಡುಗ ಹಿಮ ಬೀಳುವ ಊರಿನಲ್ಲಿ ಭಾಷೆ ಕಲಿತು, ಚಳಿ ಸಹಿಸಿ ಆಡಿದರು. 2004ರಲ್ಲಿ ನಾರ್ವೆಯ ವರ್ಷದ ಶ್ರೇಷ್ಠ ಗೋಲ್‌ಕೀಪರ್ ಪ್ರಶಸ್ತಿ ಅವರಿಗೇ ಬಂತು. ದೊಡ್ಡ ಬಾಗಿಲು ತೆರೆಯುವ ಮೊದಲು ಸಣ್ಣ ಬಾಗಿಲಿನಲ್ಲಿ ಹೆಸರು ಮಾಡಿಕೊಂಡರು. ನಮ್ಮಲ್ಲಿ ಏನಾಗುತ್ತದೆ? ಪಿಯುಸಿ ಮುಗಿಸಿದ ಹುಡುಗನಿಗೆ ಎಲೆಕ್ಟ್ರಿಕಲ್ ಕೆಲಸ ಕಲಿಯಲಿಕ್ಕೆ ಆರು ತಿಂಗಳು ಕೊಡುವುದಿಲ್ಲ. ಯಾರದೋ ಪರಿಚಯದಲ್ಲಿ ಹೆಲ್ಪರ್ ವೀಸಾ ಬಂತು, ಮುಂದಿನ ವಾರ ಫ್ಲೈಟ್. ಹೆಲ್ಪರ್ ಅಂತ ಹೋದವನು ಹತ್ತು ವರ್ಷದ ಮೇಲೂ ಬತಾಕದಲ್ಲಿ ಹೆಲ್ಪರ್ ಆಗಿಯೇ ಉಳಿಯುತ್ತಾನೆ.

2006ರ ಜನವರಿಯಲ್ಲಿ ಹಬ್ಸಿ ಇಂಗ್ಲೆಂಡಿನ ಬೋಲ್ಟನ್ ಕ್ಲಬ್ಬಿಗೆ ಸೇರಿದರು. ಮುಂದೆ ಪ್ರೀಮಿಯರ್ ಲೀಗ್‌ನಲ್ಲಿ ಆಡಿದ ಮೊದಲ ಒಮಾನಿ ಇವರೇ. ಆದರೆ ಆ ಕ್ಲಬ್ಬಿನಲ್ಲಿ ಫಿನ್ಲೆಂಡಿನ ಯುಸ್ಸಿ ಯಾಸ್ಕೆಲೈನೆನ್ ಎಂಬ ಗಟ್ಟಿ ಗೋಲ್‌ಕೀಪರ್ ಇದ್ದರು. ಗೋಲ್‌ಕೀಪರ್ ಕೆಲಸದಲ್ಲಿ ಒಂದು ಕಷ್ಟ ಉಂಟು. ಹನ್ನೊಂದು ಜನರಲ್ಲಿ ಆ ಜಾಗ ಒಂದೇ. ಮುಂದಿನವನು ಗಾಯಗೊಳ್ಳಬೇಕು ಅಥವಾ ಬಿಟ್ಟುಹೋಗಬೇಕು, ಅಲ್ಲಿಯವರೆಗೆ ಬೆಂಚು. ಹಬ್ಸಿಗೆ ಮೊದಲ ಪಂದ್ಯ ಸಿಕ್ಕಿದ್ದು 2007ರ ಸೆಪ್ಟೆಂಬರ್‌ನಲ್ಲಿ, ಸೇರಿ ಒಂದೂವರೆ ವರ್ಷ ದಾಟಿದ ಮೇಲೆ. ಆಮೇಲೂ ಅವಕಾಶ ಬೆರಳೆಣಿಕೆಯಷ್ಟೇ. ಹಾಗಂತ ಕೈಕಟ್ಟಿ ಕೂರಲಿಲ್ಲ. ದಿನಾ ಅಭ್ಯಾಸ, ಜೊತೆಗೆ ದೇಶದ ತಂಡದ ಪಂದ್ಯಗಳು. 2009ರ ಜನವರಿಯಲ್ಲಿ ಮಸ್ಕತ್ತಿನಲ್ಲಿ ನಡೆದ ಗಲ್ಫ್ ಕಪ್‌ನಲ್ಲಿ ಒಂದೂ ಗೋಲು ಬಿಡದೆ ಆಡಿದರು. ಫೈನಲ್‌ನಲ್ಲಿ ಸೌದಿ ಅರೇಬಿಯವನ್ನು ಪೆನಾಲ್ಟಿಯಲ್ಲಿ ಸೋಲಿಸಿ ಒಮಾನ್ ಮೊದಲ ಬಾರಿ ಆ ಕಪ್ ಗೆದ್ದಿತು. ಆ ವರ್ಷ ಇಲ್ಲಿದ್ದವರಿಗೆ ಆ ರಾತ್ರಿಯ ಹಾರ್ನ್ ಶಬ್ದ ಇನ್ನೂ ಕಿವಿಯಲ್ಲಿ ಇರಬಹುದು.

2010ರಲ್ಲಿ ಪಕ್ಕದ ವಿಗನ್ ಕ್ಲಬ್ಬಿಗೆ ಸಾಲದ ಮೇಲೆ ಹೋದರು. ಫುಟ್ಬಾಲಿನಲ್ಲಿ ಸಾಲ ಅಂದರೆ, ಒಂದು ಕ್ಲಬ್ಬಿನ ಒಪ್ಪಂದದಲ್ಲಿದ್ದುಕೊಂಡೇ ಇನ್ನೊಂದು ಕ್ಲಬ್ಬಿಗೆ ಆಡುವುದು. ಆ ಒಂದು ವರ್ಷದಲ್ಲಿ ಅಲ್ಲಿನ ಅಭಿಮಾನಿಗಳು ಅವರನ್ನು ವರ್ಷದ ಆಟಗಾರ ಅಂತ ಆರಿಸಿದರು. 2011ರಲ್ಲಿ ವಿಗನ್ ಅವರನ್ನು ಪೂರ್ತಿಯಾಗಿ ಕೊಂಡಿತು. ಸುಮಾರು 40 ಲಕ್ಷ ಪೌಂಡ್ ಕೊಟ್ಟರು ಅಂತ ಆಗ ವರದಿಯಾಗಿತ್ತು. 2013ರಲ್ಲಿ ಅದೇ ವಿಗನ್, ಮ್ಯಾಂಚೆಸ್ಟರ್ ಸಿಟಿಯನ್ನು ಸೋಲಿಸಿ ಎಫ್‌ಎ ಕಪ್ ಗೆದ್ದಿತು. ಆ ಫೈನಲ್ ದಿನ ಹಬ್ಸಿ ಮತ್ತೆ ಬೆಂಚಿನಲ್ಲೇ ಇದ್ದರು. ಕೆಲವೇ ದಿನಗಳಲ್ಲಿ ಕ್ಲಬ್ ಪ್ರೀಮಿಯರ್ ಲೀಗ್‌ನಿಂದ ಕೆಳಗಿಳಿಯಿತು. ಪರದೇಶದ ಕೆಲಸದಲ್ಲಿ ಏರು ಇಳಿತ ಎಷ್ಟು ದೊಡ್ಡವನಿಗೂ ತಪ್ಪಿದ್ದಲ್ಲ.

ಈಗ ನಾವು ಹೇಳಬೇಕಾದ ಮುಖ್ಯ ವಿಷಯಕ್ಕೆ ಬರೋಣ. 2015ರಲ್ಲಿ ವಿಗನ್ ಜೊತೆಗಿನ ಒಪ್ಪಂದ ಮುಗಿಯಿತು. ಹಬ್ಸಿ ರೆಡಿಂಗ್ ಕ್ಲಬ್ಬಿಗೆ ಹೋದರು. ಈ ಸಲ ಯಾರೂ ಯಾರಿಗೂ ವರ್ಗಾವಣೆ ಶುಲ್ಕ ಕೊಡಬೇಕಾಗಿ ಬರಲಿಲ್ಲ. ಹಳೆಯ ಮಾಲೀಕನ ಒಪ್ಪಿಗೆಯೂ ಬೇಕಾಗಲಿಲ್ಲ. 2011ರಲ್ಲಿ ಲಕ್ಷಾಂತರ ಪೌಂಡ್, 2015ರಲ್ಲಿ ಸೊನ್ನೆ. ಯಾಕೆ? ಮೊದಲ ಸಲ ಒಪ್ಪಂದದ ಅವಧಿ ಬಾಕಿ ಇತ್ತು, ಎರಡನೆಯ ಸಲ ಮುಗಿದಿತ್ತು. ಒಪ್ಪಂದ ಮುಗಿದ ಮೇಲೆ ಆಟಗಾರ ಯಾರ ಸೊತ್ತೂ ಅಲ್ಲ.

ಈ ಹಕ್ಕು ಆಕಾಶದಿಂದ ಬಿದ್ದದ್ದಲ್ಲ. 1990ರಲ್ಲಿ ಬೆಲ್ಜಿಯಂನ ಜೀನ್ ಮಾರ್ಕ್ ಬೋಸ್ಮನ್ ಎಂಬ ಸಾಧಾರಣ ಆಟಗಾರನ ಒಪ್ಪಂದ ಮುಗಿಯಿತು. ಲಿಯೇಜ್ ಎಂಬ ಅವನ ಕ್ಲಬ್, ಮೊದಲಿನ ಸಂಬಳದ ಕಾಲು ಭಾಗಕ್ಕೆ ಉಳಿಯಲಿಕ್ಕೆ ಹೇಳಿತು. ಅವನು ಫ್ರಾನ್ಸಿನ ಒಂದು ಕ್ಲಬ್ಬಿಗೆ ಹೋಗಲು ಹೊರಟರೆ ಅದೂ ಆಗಲಿಲ್ಲ, ಹಳೆಯ ಕ್ಲಬ್ ಬಿಡಲಿಲ್ಲ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ರಿಲೀಸ್ ಕೊಡಲಿಲ್ಲ. ಐದು ವರ್ಷ ಕೋರ್ಟು ಕಚೇರಿ ಅಲೆದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಅವನ ಪರ ತೀರ್ಪು ಕೊಟ್ಟಿತು. ಆ ತತ್ವ ಮುಂದೆ ಫಿಫಾ ನಿಯಮಗಳಿಗೂ ಬಂತು. ಬೋಸ್ಮನ್ನನ ಆಡುವ ವಯಸ್ಸು ಮಾತ್ರ ಅಷ್ಟರಲ್ಲಿ ಕಳೆದುಹೋಗಿತ್ತು. ಒಬ್ಬ ಹೋರಾಡಿದ, ಸಾವಿರಾರು ಜನ ಅದರ ಫಲ ಉಂಡರು.

ಇದನ್ನು ಓದುವಾಗ ನಮಗೆ ನಮ್ಮದೇ ಎನ್‌ಒಸಿ ನೆನಪಾಗದೆ ಇರುತ್ತದೆಯೇ? ಒಮಾನಿನಲ್ಲಿ 2014ರ ನಂತರ, ಅರಬಾಬ್ ಎನ್‌ಒಸಿ ಕೊಡದಿದ್ದರೆ ಕೆಲಸ ಬಿಟ್ಟವನು ಎರಡು ವರ್ಷ ಇಲ್ಲಿಗೆ ಮರಳುವ ಹಾಗಿರಲಿಲ್ಲ. ಒಳ್ಳೆಯ ಆಫರ್ ಕೈಯಲ್ಲಿದ್ದರೂ ಬಿಟ್ಟುಹೋದವರು, ಎನ್‌ಒಸಿಗೆ ಹಣ ಕೊಟ್ಟವರು ನಮ್ಮಲ್ಲಿ ಎಷ್ಟು ಮಂದಿ! 2021ರ ಜನವರಿ 1ರಿಂದ ಆ ನಿಯಮ ಹೋಯಿತು. ಒಪ್ಪಂದದ ಅವಧಿ ಮುಗಿದರೆ ಅಥವಾ ಕಂಪೆನಿಯೇ ಒಪ್ಪಂದ ಕೊನೆಗೊಳಿಸಿದರೆ, ಎನ್‌ಒಸಿ ಇಲ್ಲದೆಯೇ ಇನ್ನೊಂದು ಕಂಪೆನಿಗೆ ಸೇರಬಹುದು. ಹೊಸ ಕಂಪೆನಿಗೆ ಆ ಹುದ್ದೆಯ ಲೇಬರ್ ಕ್ಲಿಯರೆನ್ಸ್ ಇರಬೇಕು, ಅಷ್ಟೆ. ಹೀಗಿದ್ದೂ "ಕಾಕ, ನಮ್ಮ ಅರಬಾಬ್ ಎನ್‌ಒಸಿ ಕೊಡುವುದಿಲ್ಲ, ಏನು ಮಾಡುವುದು?" ಅಂತ ಈಗಲೂ ಕೇಳುವವರು ಇದ್ದಾರೆ. ಬಾಗಿಲಿನ ಬೀಗ ತೆಗೆದು ವರ್ಷಗಳಾದವು, ನಮ್ಮವರು ಇನ್ನೂ ಒಳಗೇ ಕೂತಿದ್ದಾರೆ.

ಇವರಿಗೆ ನಾವು ಕೇಳುವ ಮೊದಲ ಪ್ರಶ್ನೆ ಒಂದೇ: ನಿಮ್ಮ ಒಪ್ಪಂದ ಯಾವ ತಾರೀಕಿಗೆ ಮುಗಿಯುತ್ತದೆ? ಹೆಚ್ಚಿನವರಿಗೆ ಗೊತ್ತಿಲ್ಲ. ಬತಾಕದ ತಾರೀಕು ಗೊತ್ತುಂಟು, ಒಪ್ಪಂದದ್ದು ಗೊತ್ತಿಲ್ಲ. ಕಾನೂನಿನ ಪ್ರಕಾರ ಒಪ್ಪಂದದ ಒಂದು ಪ್ರತಿ ಕೆಲಸಗಾರನ ಕೈಯಲ್ಲಿ ಇರಬೇಕು. ನಮ್ಮವರ ಕೈಯಲ್ಲಿ ಇರುವುದು ಅಪರೂಪ.

ಲೆಕ್ಕ ಬರೆಯುವ ಕೆಲಸದವರಾದ್ದರಿಂದ ಒಂದು ಲೆಕ್ಕವನ್ನೂ ಇಲ್ಲಿ ಇಡುತ್ತೇವೆ. 2023ರಲ್ಲಿ ಬಂದ ಹೊಸ ಕಾರ್ಮಿಕ ಕಾನೂನಿನಂತೆ, ಕೆಲಸ ಬಿಡುವಾಗ ವರ್ಷಕ್ಕೆ ಒಂದು ತಿಂಗಳ ಮೂಲ ವೇತನ ಗ್ರಾಚ್ಯುಟಿಯಾಗಿ ಸಿಗಬೇಕು. ಗಮನಿಸಿ, ಮೂಲ ವೇತನ ಅಂದರೆ ಬೇಸಿಕ್. ಇಬ್ಬರಿಗೆ ತಿಂಗಳಿಗೆ 150 ರಿಯಾಲ್ ಅಂತ ಇಟ್ಟುಕೊಳ್ಳಿ. ಒಬ್ಬನ ಕಾಗದದಲ್ಲಿ ಬೇಸಿಕ್ 150. ಇನ್ನೊಬ್ಬನದ್ದು ಬೇಸಿಕ್ 90, ಉಳಿದ 60 ಊಟ, ವಸತಿ, ಪ್ರಯಾಣದ ಭತ್ಯೆ. ತಿಂಗಳ ಕೊನೆಗೆ ಇಬ್ಬರ ಕೈಗೂ ಬರುವುದು ಒಂದೇ. ಐದು ವರ್ಷ ದುಡಿದು ಬಿಡುವಾಗ ಮೊದಲನೆಯವನಿಗೆ 750 ರಿಯಾಲ್, ಎರಡನೆಯವನಿಗೆ 450. ಸಹಿ ಹಾಕಿದ ದಿನವೇ 300 ರಿಯಾಲ್ ಹೋಯಿತು. ಹೋದದ್ದು ಅವನಿಗೆ ಗೊತ್ತಾಗುವುದು ಎಕ್ಸಿಟ್ ಆಗುವ ದಿನ.

ಏಜೆಂಟರ ವಿಷಯವೂ ಹಾಗೆಯೇ. ಫುಟ್ಬಾಲ್ ಆಟಗಾರನಿಗೂ ಏಜೆಂಟ್ ಇರುತ್ತಾನೆ. ಆದರೆ ಅವನಿಗೆ ಪಾಲು ಸಿಗುವುದು ಆಟಗಾರನಿಗೆ ಒಪ್ಪಂದ ಸಿಕ್ಕಿದರೆ. ಒಪ್ಪಂದ ಒಳ್ಳೆಯದಾದಷ್ಟು ಅವನಿಗೂ ಲಾಭ. ನಮ್ಮಲ್ಲಿ ಹಣ ಮೊದಲು, ಒಪ್ಪಂದ ಆಮೇಲೆ. ಭಾರತ ಸರ್ಕಾರದಲ್ಲಿ ನೋಂದಣಿಯಾದ ಏಜೆಂಟ್ ಒಬ್ಬ ಕೆಲಸಗಾರನಿಂದ ತೆಗೆದುಕೊಳ್ಳಬಹುದಾದ ಸೇವಾಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ. ಫ್ರೀ ವೀಸಾ ಅಂತ ಲಕ್ಷಗಟ್ಟಲೆ ಕೊಟ್ಟು, ತಾಯಿಯ ಬಂಗಾರ ಅಡವಿಟ್ಟು ಬಂದವನು ಒಪ್ಪಂದ ಓದುವ ಧೈರ್ಯ ಮಾಡುವುದಿಲ್ಲ. ಓದಿದರೂ ಬೇಡ ಅನ್ನಲಿಕ್ಕೆ ಆಗುವುದಿಲ್ಲ.

ಇಲ್ಲಿ ಒಂದು ಆಕ್ಷೇಪ ಬರುವುದು ನ್ಯಾಯವೇ. ಹಬ್ಸಿಗೆ ವಕೀಲರಿದ್ದರು, ಹಣ ಇತ್ತು, ಹೆಸರು ಇತ್ತು. ಎಂಬತ್ತು ರಿಯಾಲಿಗೆ ಕಫೆಟೇರಿಯದಲ್ಲಿ ನಿಲ್ಲುವವನು ಅರಬಾಬ್‌ನ ಎದುರು ನಿಂತು ಒಪ್ಪಂದದ ಪ್ರತಿ ಕೇಳಿದರೆ ಮರುದಿನ ಏನಾಗಬಹುದು? ಕೆಲಸ ಹೋಗಬಹುದು, ಓಡಿಹೋದ ಅಂತ ಸುಳ್ಳು ದೂರು ಬೀಳಬಹುದು. ಈ ಭಯ ಸುಳ್ಳಲ್ಲ. ಇದನ್ನು ತಮಾಷೆ ಮಾಡುವವರು ಕ್ಯಾಂಪಿನಲ್ಲಿ ಬದುಕಿದವರಲ್ಲ. ಅದಕ್ಕೇ ನಾವು ಹೇಳುವುದು, ಒಬ್ಬೊಬ್ಬನೇ ಕೇಳುವ ಹಾಗೆ ಮಾಡಬಾರದು. ಆಟಗಾರರಿಗೆ ಅವರದೇ ಸಂಘಗಳಿವೆ, ಬೋಸ್ಮನ್‌ಗೂ ಕೊನೆಗೆ ಅವರ ಬೆಂಬಲ ಸಿಕ್ಕಿತು. ನಮಗೆ ನಮ್ಮ ಸಂಘಟನೆ ಉಂಟು. ಇಫ್ತಾರಿಗೆ, ಕ್ರೀಡಾಕೂಟಕ್ಕೆ ಸಾವಿರ ಜನ ಸೇರಿಸುವ ಶಕ್ತಿ ನಮಗೆ ಉಂಟಾದರೆ, ಒಪ್ಪಂದದ ಕಾಗದ ಓದಿ ಹೇಳುವ ನಾಲ್ಕು ಜನರನ್ನು ಕೂರಿಸುವ ಶಕ್ತಿ ಇಲ್ಲವೇ?

ಇನ್ನೂ ಒಂದು ಮಾತು. 2017ರ ಮೇ ತಿಂಗಳಲ್ಲಿ ರೆಡಿಂಗ್ ಮತ್ತೆ ಪ್ರೀಮಿಯರ್ ಲೀಗ್ ಸೇರುವ ಹೊಸ್ತಿಲಲ್ಲಿತ್ತು. ವೆಂಬ್ಲಿಯಲ್ಲಿ ಹಡರ್ಸ್‌ಫೀಲ್ಡ್ ಎದುರು ಪೆನಾಲ್ಟಿಯಲ್ಲಿ ಸೋತರು. ಹಬ್ಸಿಗೆ ಆಗ 35. ಆಮೇಲೆ ಸೌದಿಯ ಅಲ್ ಹಿಲಾಲ್, 2019ರಲ್ಲಿ ಇಂಗ್ಲೆಂಡಿನ ವೆಸ್ಟ್ ಬ್ರಾಮ್ವಿಚ್, 2020ರಲ್ಲಿ ನಿವೃತ್ತಿ. ನಾಲ್ಕು ದೇಶ, ಒಂಬತ್ತು ಕ್ಲಬ್. ಆಟಗಾರನಿಗೆ ತನ್ನ ಕೆಲಸದ ವಯಸ್ಸು ನಲವತ್ತರೊಳಗೆ ಮುಗಿಯುತ್ತದೆ ಅಂತ ಮೊದಲ ದಿನವೇ ಗೊತ್ತಿರುತ್ತದೆ. ನಮಗೆ ಅದು ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಇರುತ್ತೇವೆ. ಇನ್ನೆರಡು ವರ್ಷ, ಮನೆ ಮುಗಿಯಲಿ, ತಂಗಿಯ ಮದುವೆ ಆಗಲಿ ಅಂತ ಹೇಳುತ್ತಾ ಬಿಪಿ, ಶುಗರ್ ಜೊತೆ ಐವತ್ತೈದಕ್ಕೆ ಊರಿಗೆ ಹೋಗುತ್ತೇವೆ. ಹೋಗುವ ತಾರೀಕನ್ನು ನಾವು ನಿರ್ಧರಿಸುವುದಕ್ಕೂ ಮೆಡಿಕಲ್ ರಿಪೋರ್ಟು ನಿರ್ಧರಿಸುವುದಕ್ಕೂ ಬಹಳ ವ್ಯತ್ಯಾಸ ಉಂಟು.

ಆದ್ದರಿಂದ ಓದುಗರಲ್ಲಿ ಒಂದು ವಿನಂತಿ. ಈ ವಾರದ ರಜೆಯಲ್ಲಿ ಒಂದು ಗಂಟೆ ತೆಗೆದಿಡಿ. ನಿಮ್ಮ ಒಪ್ಪಂದದ ಪ್ರತಿ ಎಲ್ಲಿದೆ ನೋಡಿ. ಇಲ್ಲದಿದ್ದರೆ ನಮ್ಮ ಯಾವುದಾದರೂ ಘಟಕದವರಲ್ಲಿ ತಿಳಿಸಿ, ಒಟ್ಟಾಗಿ ಕೇಳೋಣ. ಇದ್ದರೆ ಮೂರು ವಿಷಯ ಒಂದು ಚೀಟಿಯಲ್ಲಿ ಬರೆದು, ಫೋಟೋ ತೆಗೆದು ಊರಿಗೂ ಕಳಿಸಿ: ಒಪ್ಪಂದ ಮುಗಿಯುವ ತಾರೀಕು, ಬೇಸಿಕ್ ಎಷ್ಟು, ಹುದ್ದೆಯ ಹೆಸರು ಏನು. ಊರಿನಲ್ಲಿರುವ ತಾಯಂದಿರು, ಹೆಂಡತಿಯರು ಕೂಡ ಇದನ್ನು ಕೇಳಬೇಕು. ಈ ತಿಂಗಳು ಎಷ್ಟು ಕಳಿಸುತ್ತೀರಿ ಅಂತ ಕೇಳುವ ಜೊತೆಗೆ, ಕಾಗದದಲ್ಲಿ ಏನು ಬರೆದಿದೆ ಅಂತಲೂ ಕೇಳಿ. ಮುಂದಿನ ಮಗನನ್ನು ಕಳಿಸುವ ಮನೆಯವರು, ಪಾಸ್‌ಪೋರ್ಟ್ ಮಾಡಿಸುವ ಮೊದಲು ಅವನಿಗೆ ಒಂದು ಕಸುಬು ಕಲಿಸಿ.