ಪಕ್ಕಾ ಮನೆ ಯಾವುದು?

ನಮ್ಮ ಸೀಮೆಯಲ್ಲಿ ಎರಡು ಶಬ್ದಗಳು ಬಹಳ ಅನ್ಯಾಯ ಮಾಡಿವೆ: 'ಕಚ್ಚಾ' ಮತ್ತು 'ಪಕ್ಕಾ'. ಮಣ್ಣಿನ ಮನೆ ಕಚ್ಚಾ, ಸಿಮೆಂಟಿನದು ಪಕ್ಕಾ. ಇದು ಕೇವಲ ಕಟ್ಟೆಯ ಮೇಲಿನ ಮಾತೆಂದು ತಿಳಿಯಬೇಡಿ. 2011ರ ಜನಗಣತಿಯ ಲೆಕ್ಕದಲ್ಲಿ ತಗಡಿನ ಗೋಡೆ, ಆಸ್ಬೆಸ್ಟಾಸ್ ಹಾಳೆಯ ಗೋಡೆ ಇವೆಲ್ಲ 'ಶಾಶ್ವತ'. ಮಣ್ಣು ಮತ್ತು ಸುಡದ ಇಟ್ಟಿಗೆ 'ತಾತ್ಕಾಲಿಕ'. ಮೂರು ತಲೆಮಾರು ಬಾಳಿದ ಗೋಡೆ ತಾತ್ಕಾಲಿಕವಂತೆ, ಒಂದು ಬಿರುಗಾಳಿಗೆ ಹಾರಿಹೋಗುವ ತಗಡು ಶಾಶ್ವತವಂತೆ! ಈ ಜಾಣತನಕ್ಕೆ ಏನೆನ್ನೋಣ?

ಅನ್ಯಾಯವು ಶಬ್ದದಲ್ಲಿಯೇ ನಿಂತಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ತಾಂಡೂರಿನ ಕಲ್ಲನ್ನು ನೋಡಿ. ಅಲ್ಲಿಯ ನೆಲದೊಳಗಿನ ಸುಣ್ಣದ ಕಲ್ಲು ಎರಡು ದಾರಿ ಹಿಡಿಯುತ್ತದೆ. ಒಂದು ಪಾಲನ್ನು ಸೀಳಿ, ಅಂಚು ಕತ್ತರಿಸಿ ಪರಸಿಯಾಗಿ ಹಾಸುತ್ತಾರೆ. ಇನ್ನೊಂದು ಪಾಲು ಸಿಮೆಂಟು ಕಾರ್ಖಾನೆಯ ಒಲೆಗೆ ಬೀಳುತ್ತದೆ. ಶುದ್ಧ ಸುಣ್ಣದ ಕಲ್ಲು 100 ಕಿಲೋ ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ; ಮಿಕ್ಕ 44 ಕಿಲೋ ಇಂಗಾಲಾಮ್ಲ ವಾಯುವಾಗಿ ಆಕಾಶಕ್ಕೆ ಸೇರುತ್ತದೆ. ಇದು ಕಲ್ಲಿನ ಹೊಟ್ಟೆಯೊಳಗಿನದು ಮಾತ್ರ. ಆ ಒಲೆಯನ್ನು ಸುಮಾರು 1450 ಡಿಗ್ರಿಗೆ ಏರಿಸಲು ಉರಿಸುವ ಕಲ್ಲಿದ್ದಲಿನ ಹೊಗೆಯ ಲೆಕ್ಕ ಬೇರೆ. ಮನುಷ್ಯನು ಜಗತ್ತಿನಲ್ಲೆಲ್ಲ ಹೊರಬಿಡುವ ಈ ವಾಯುವಿನಲ್ಲಿ ನೂರಕ್ಕೆ 7-8 ಪಾಲು ಸಿಮೆಂಟಿನದೇ. 2070ರೊಳಗೆ ಈ ಲೆಕ್ಕವನ್ನು ಸೊನ್ನೆಗೆ ತರುವೆವೆಂದು ನಮ್ಮ ದೇಶವು 2021ರಲ್ಲಿ ಗ್ಲಾಸ್ಗೋ ನಗರದಲ್ಲಿ ಮಾತು ಕೊಟ್ಟಿದೆ. ಕೊಟ್ಟ ಮಾತಿಗೆ ಹೊಂದುವಂತೆ ನಡೆದಿರುವ ಮಣ್ಣಿನ ಮನೆಗೆ 'ಕಚ್ಚಾ' ಎಂಬ ಹಣೆಪಟ್ಟಿ!

ಪಟ್ಟಣದವರ ಪರಿ ನೋಡಿ. 2004ರಲ್ಲಿ ಹೈದರಾಬಾದಿನಲ್ಲಿ ಸೊಹ್ರಾಬ್‌ಜಿ ಗೋದ್ರೆಜ್ ಹಸಿರು ಉದ್ಯಮ ಕೇಂದ್ರದ ಕಟ್ಟಡ ಎದ್ದು, ಅಮೆರಿಕದವರ ಪ್ಲಾಟಿನಂ ಪದವಿಯನ್ನು ಪಡೆಯಿತು. ಒಳ್ಳೆಯ ಕಟ್ಟಡವೇ. ನಡುವೆ ಅಂಗಳ, ಗಾಳಿಗೆ ಜಾಲಂದ್ರ, ಮಾಡಿನ ಮೇಲೆ ಮಣ್ಣು ಹರಡಿದ ತೋಟ. ನಡುವೆ ಅಂಗಳ, ಗೋಡೆಗೆ ಗವಾಕ್ಷಿ, ಮೇಲೆ ಮಣ್ಣಿನ ಮಾಳಿಗೆ: ಜಹೀರಾಬಾದಿನ ಸುತ್ತಲಿನ ಯಾವ ಮುದುಕಿಯ ಮನೆಗೆ ಇವು ಇರಲಿಲ್ಲ? ಆಕೆಗೆ ಪದವಿ ಕೊಡಲು ಯಾರೂ ಬರಲಿಲ್ಲ. ಬಂದವರು ಕೆಡವಲು ಬಂದರು.

ಇಷ್ಟು ಹೇಳಿದೊಡನೆ, "ಕಿಲ್ಲಾರಿಯನ್ನು ಮರೆತಿರಾ ಗುರುಗಳೇ?" ಎಂದು ಕೇಳುವವರುಂಟು. ಮರೆತಿಲ್ಲ, ಮರೆಯಲೂ ಕೂಡದು. 1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ ಲಾತೂರು ಸೀಮೆಯಲ್ಲಿ ಭೂಮಿ ನಡುಗಿದಾಗ ನಮ್ಮಂಥವೇ ಕಲ್ಲು-ಮಣ್ಣಿನ ಮನೆಗಳು ಮಲಗಿದ್ದವರ ಮೇಲೆ ಕುಸಿದು ಸಾವಿರಾರು ಜನ ಸತ್ತರು. ಆದರೆ ಅಲ್ಲಿ ಕೊಂದದ್ದು ಮಣ್ಣೆಂಬ ಪದಾರ್ಥವಲ್ಲ, ಕಟ್ಟುವ ರೀತಿ. ದಪ್ಪ ಗೋಡೆಯ ಎರಡು ಮೈಗಳನ್ನು ಅಡ್ಡಲಾಗಿ ಹಿಡಿದಿಡುವ ಉದ್ದಗಲ್ಲುಗಳಿರಲಿಲ್ಲ; ನಾಲ್ಕು ಗೋಡೆಗಳನ್ನು ಸುತ್ತಿ ಬಿಗಿಯುವ ಪಟ್ಟಿ ಇರಲಿಲ್ಲ; ಮೇಲೆ ವರ್ಷ ವರ್ಷ ಮಣ್ಣು ಹೇರಿ ಹೇರಿ ಮಾಳಿಗೆ ಭಾರವಾಗಿತ್ತು. ಉದ್ದಗಲ್ಲು ಇಡಿ, ಬಾಗಿಲು-ಕಿಟಕಿಗಳ ತಲೆಯ ಮಟ್ಟಕ್ಕೆ ಕಬ್ಬಿಣ ಹಾಕಿದ ಕಾಂಕ್ರೀಟಿನ ಪಟ್ಟಿ ಸುತ್ತಿ, ಮಾಳಿಗೆಯ ಭಾರ ಇಳಿಸಿ. ಅಷ್ಟಕ್ಕೆ ಬೇಕಾಗುವ ಸಿಮೆಂಟನ್ನು ನಾನು ವಿರೋಧಿಸುವುದಿಲ್ಲ. ಔಷಧವನ್ನು ಔಷಧದಂತೆ ತೆಗೆದುಕೊಳ್ಳಬೇಕು, ಅದನ್ನೇ ಊಟ ಮಾಡಬಾರದು.

ಎಲ್ಲ ಮಣ್ಣೂ ಗೋಡೆಗೆ ಒದಗದು ಎಂಬುದೂ ನಿಜ. ಎರೆಮಣ್ಣು ನೀರು ಕುಡಿದು ಹಿಗ್ಗಿ, ಒಣಗಿ ಬಿರಿಯುತ್ತದೆ. ಜಹೀರಾಬಾದಿನ ಕೆಂಪು ನೆಲದ ಮಾತು ಹಾಗಲ್ಲ. ಅಲ್ಲಿಯ ಜಂಬಿಟ್ಟಿಗೆ ಕಲ್ಲನ್ನು ಕತ್ತರಿಸಿ ಗಾಳಿಗಿಟ್ಟರೆ ತಾನೇ ಗಟ್ಟಿಯಾಗುತ್ತದೆ, ಸುಡುವ ಕೆಲಸವಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ 'ಅಸ್ತ್ರ' ವಿಭಾಗದವರು, ಮಣ್ಣಿಗೆ ಮರಳನ್ನೂ ಅತ್ಯಲ್ಪ ಸಿಮೆಂಟನ್ನೂ ಬೆರೆಸಿ ಕೈಯಂತ್ರದಲ್ಲಿ ಒತ್ತಿ ಸುಡದ ಇಟ್ಟಿಗೆ ಮಾಡುವುದನ್ನು ತೋರಿಸಿಕೊಟ್ಟರು. ಕೇರಳದಲ್ಲಿ ಲಾರಿ ಬೇಕರ್ ಮಹಾಶಯರು ಬಡವರಿಗೂ ಬಲ್ಲಿದರಿಗೂ ಊರ ಸಾಮಗ್ರಿಯಿಂದಲೇ ಕಟ್ಟಿ 2007ರಲ್ಲಿ ತೀರಿಕೊಂಡರು. ವಿದ್ಯೆಯ ಕೊರತೆಯಿಲ್ಲ, ಅಂದಾಜುಪಟ್ಟಿ ಬರೆಯುವ ಕೈಗಳಿಗೆ ಒಂದೇ ಬಗೆಯ ಪಟ್ಟಿ ಬರೆದು ರೂಢಿಯಾಗಿದೆ.

ಇದರ ಫಲವನ್ನು ಉಣ್ಣುವವರು ನಮ್ಮ ಮಕ್ಕಳು. ಗಡಿಯ ಒಂದು ಊರಿನಲ್ಲಿ ಕಲ್ಲು ಗೋಡೆಯ ಹಳೆಯ ಶಾಲೆಯನ್ನು ಕೆಡವಿ, ತೆಳ್ಳನೆಯ ಗೋಡೆ, ತಗಡಿನ ಮಾಡಿನ ಕೋಣೆ ಕಟ್ಟಿದ್ದನ್ನು ಬಲ್ಲೆ. ಮಾರ್ಚ್ ತಿಂಗಳ ಮಧ್ಯಾಹ್ನ ಅಲ್ಲಿ ಕನ್ನಡವೂ ತಲೆಗೆ ಹತ್ತದು, ಗಣಿತವೂ ಹತ್ತದು. ಹುಡುಗರು ಕಾಪಿ ಪುಸ್ತಕದಿಂದ ಗಾಳಿ ಬೀಸಿಕೊಳ್ಳುತ್ತಾರೆ. ಆಮೇಲೆ ಪರೀಕ್ಷೆಯಲ್ಲಿ ಅಂಕ ಕಡಮೆಯಾಯಿತೆಂದು ಮೇಲಿನವರು ಕೇಳುವುದು ನಮ್ಮನ್ನೇ! ತೆಲಂಗಾಣ ಸರ್ಕಾರವು 2023ರಲ್ಲಿ ತಂಪು ಮಾಡುಗಳ ನೀತಿಯನ್ನು ಪ್ರಕಟಿಸಿದೆ. ಮಾಡಿಗೆ ಬಿಳಿ ಬಳಿದರೆ ಬಿಸಿಲು ಮರಳಿ ಹೋಗುತ್ತದೆ ಎಂಬುದು ಅದರ ಸಾರ. ಸ್ವಾಗತ. ಆದರೆ ಮೊದಲು ಬಾಣಲೆಯನ್ನೇ ತಲೆಯ ಮೇಲೆ ಕವುಚಿ, ಬಳಿಕ ಅದಕ್ಕೆ ಸುಣ್ಣ ಬಳಿಯುವುದಕ್ಕಿಂತ, ಹೊಸ ಕೋಣೆಯ ನಕಾಶೆ ಬರುವಾಗಲೇ ಶಾಲಾ ಸಮಿತಿಯವರು ಬಾಯಿ ತೆರೆಯಬಾರದೇಕೆ? ಗೋಡೆಯ ಕಲ್ಲು ಎಷ್ಟು ಮೈಲಿಯಿಂದ ಬರುತ್ತದೆ, ಮಾಡು ಯಾವುದರದು, ಕಿಟಕಿ ಯಾವ ದಿಕ್ಕಿಗೆ ಎಂದು ಕೇಳಲು ಇಂಜಿನಿಯರರ ಪದವಿ ಬೇಡ.

ಮೇಲಿನ ತರಗತಿಗಳ ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳುತ್ತೇನೆ. ಬರುವ ಮಾರ್ಚಿನಲ್ಲಿ ಒಂದು ಉಷ್ಣಮಾಪಕವನ್ನು ತಗಡಿನ ಕೋಣೆಯಲ್ಲಿಯೂ ಇನ್ನೊಂದನ್ನು ಊರಿನ ಹಳೆಯ ಮಾಳಿಗೆಯ ಮನೆಯಲ್ಲಿಯೂ ನೆರಳಿಗೆ ತೂಗುಹಾಕಿ, ಹತ್ತು ದಿನ ಮಧ್ಯಾಹ್ನ ಮೂರು ಗಂಟೆಗೆ ನೋಡಿ ಬರೆದಿಡಿರಿ. ಆ ಅಂಕಿಗಳನ್ನು ಶಾಲೆಯ ಕರಿಹಲಗೆಯ ಮೇಲೆ ಅಳಿಸದೆ ಬಿಡಿರಿ. ಮುಂದಿನ ಸಲ ತನಿಖೆಗೆ ಬಂದವರು ಓದಲಿ.