ಡೊನ್ನಾಳನ್ನು ಕೇಳಿದವರು ಯಾರು?

ಬಿಬಿಸಿಯ ‘ಡಾಕ್ಟರ್ ಹೂ’ ಧಾರಾವಾಹಿ ಶುರುವಾದದ್ದು 1963ರಲ್ಲಿ. ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಈ ಡಾಕ್ಟರನ ಜತೆ ಹೋದವರಲ್ಲಿ ಯಾರು ಮೇಲು ಅನ್ನೋ ಅಭಿಮಾನಿಗಳ ಜಗಳ ಇನ್ನೂ ಮುಗಿದಿಲ್ಲ. ರೋಸ್ ಪ್ರೀತಿಸಿದಳು, ಸರಿ. ಮಾರ್ಥಾ ಒಂದು ವರ್ಷ ಭೂಮಿಯೆಲ್ಲ ನಡೆದು ಅವನನ್ನು ಉಳಿಸಿ, ಆಮೇಲೆ ತಾನಾಗಿಯೇ ಬಿಟ್ಟು ಹೊರಟಳು. ಅವಳಿಗೆ ಸಿಕ್ಕ ಹೊಗಳಿಕೆ ಕಮ್ಮಿ, ಅದೂ ಅನ್ಯಾಯವೇ.

ನನ್ನ ತಕರಾರು ಡೊನ್ನಾ ನೋಬಲ್ ವಿಷಯದಲ್ಲಿ. ಲಂಡನ್ನಿನ ಆಫೀಸುಗಳಲ್ಲಿ ಟೆಂಪರರಿ ಕೆಲಸ ಮಾಡುತ್ತಿದ್ದವಳು ಎಲ್ಲ ಲೋಕಗಳನ್ನೂ ಉಳಿಸಿದಳು. 2008ರ ಸರಣಿಯ ಕೊನೇ ಕಂತಿನಲ್ಲಿ ಡಾಕ್ಟರ್ ತನ್ನ ಜತೆ ಅವಳು ಕಳೆದ ದಿನಗಳ ನೆನಪನ್ನೆಲ್ಲ ಅಳಿಸಿದ. ಬೇಡ ಬೇಡ ಎಂದು ಗೋಗರೆದರೂ ಬಿಡಲಿಲ್ಲ. ಇಲ್ಲದಿದ್ದರೆ ಸಾಯುತ್ತಿದ್ದಳಲ್ಲ ಎನ್ನುತ್ತಾರೆ. ಹೌದು, ಸಾಯುತ್ತಿದ್ದಳು. ಸಾಯೋದೋ ಮರೆಯೋದೋ, ಆರಿಸಬೇಕಾದವರು ಯಾರು? ಇದನ್ನು ಕರುಣೆ ಎಂದು ಕಣ್ಣೀರು ಹಾಕುವವರನ್ನು ಕಂಡರೆ ಸಿಟ್ಟು ಬರುತ್ತೆ. 2023ರಲ್ಲಿ ನೆನಪು ವಾಪಸು ಬಂತು, ನಿಜ. ಅದಕ್ಕೆ 15 ವರ್ಷ ಹಿಡೀತು.