ಸಿಲ್ವರ್ ಕಾರ್ಡ್ ಉಳಿಸಲು ಒಂದು ಸುತ್ತು ಹಾರಾಟ: ಲಾಭ ಯಾರಿಗೆ?

ದುಬೈಯಲ್ಲಿ ದುಡಿಯುವ ನಮ್ಮ ಕೆಲವು ಯುವಕರಲ್ಲಿ ಈಗ ಹೊಸದೊಂದು ಲೆಕ್ಕಾಚಾರ ಕೇಳಿ ಬರುತ್ತಿದೆ. ವಿಮಾನ ಕಂಪೆನಿ ಕೊಟ್ಟ ಸಿಲ್ವರ್ ಕಾರ್ಡಿನ ಅವಧಿ ಮುಗಿಯುತ್ತಾ ಬಂದಿದೆ, ಸ್ವಲ್ಪ ಮೈಲ್ಸ್ ಕಡಿಮೆ ಬಿದ್ದಿದೆ. ಅಗ್ಗದ ಟಿಕೆಟ್ ಹುಡುಕಿ ರಜೆಯ ದಿನ ಮಸ್ಕತ್‌ಗೆ ಹೋಗಿ ರಾತ್ರಿಯೊಳಗೆ ವಾಪಸ್ ಬರುವುದು. ಅಲ್ಲಿ ಕೆಲಸವಿಲ್ಲ, ನೋಡಬೇಕಾದ ಜನವೂ ಇಲ್ಲ. ಕಾರ್ಡ್ ಉಳಿಯಬೇಕು, ಅಷ್ಟೇ.

ಈ ಪದ್ಧತಿ ಹೊಸದಲ್ಲ. ಅಮೆರಿಕನ್ ಏರ್‌ಲೈನ್ಸ್ 1981ರಲ್ಲೇ ಇಂಥ ಯೋಜನೆ ತಂದಿತ್ತು. ಪದೇ ಪದೇ ಹಾರುವ ಗಿರಾಕಿ ಬೇರೆ ಕಂಪೆನಿಗೆ ಹೋಗಬಾರದು ಎಂಬುದೇ ಅದರ ಉದ್ದೇಶ. ಎಮಿರೇಟ್ಸ್‌ನಲ್ಲಿ ಸಿಲ್ವರ್‌ಗೆ 25,000, ಗೋಲ್ಡ್‌ಗೆ 50,000 ಟಿಯರ್ ಮೈಲ್ಸ್ ಬೇಕು. ಸಿಲ್ವರ್ ಇದ್ದರೆ ನಮ್ಮ ದೇಶದ ಪ್ರಯಾಣಕ್ಕೆ 12 ಕೆ.ಜಿ. ಹೆಚ್ಚು ಲಗೇಜ್, ದುಬೈ ನಿಲ್ದಾಣದಲ್ಲಿ ಲಾಂಜ್. ಊರಿಗೆ ಬರುವವನಿಗೆ 12 ಕೆ.ಜಿ. ಎಂದರೆ ಸಣ್ಣ ಮಾತಲ್ಲ, ಒಪ್ಪೋಣ.

ಆದರೆ ಗಂಟು ಇರುವುದು ಇಲ್ಲಿ. ಟಿಕೆಟ್ ಅಗ್ಗವಾದಷ್ಟೂ, ದೂರ ಕಡಿಮೆಯಾದಷ್ಟೂ ಸಿಗುವ ಮೈಲ್ಸ್ ಕಡಿಮೆ. ಒಂದು ಸುತ್ತಿನಲ್ಲಿ ಮುಗಿಯುತ್ತದೆ ಅಂದುಕೊಂಡದ್ದು ಮೂರು ನಾಲ್ಕು ಸುತ್ತಾಗುತ್ತದೆ. ಬೇರೆ ಕಂಪೆನಿಗಳಂತೂ ನಿಯಮವನ್ನೇ ಬದಲಿಸಿವೆ. ಏರ್ ಇಂಡಿಯಾ 2024ರಲ್ಲಿ, ಬ್ರಿಟಿಷ್ ಏರ್‌ವೇಸ್ 2025ರ ಏಪ್ರಿಲ್‌ನಲ್ಲಿ ಖರ್ಚು ಮಾಡಿದ ಹಣದ ಮೇಲೆ ಪಾಯಿಂಟ್ ಲೆಕ್ಕ ಹಾಕಲು ಶುರುಮಾಡಿದವು. ಅಂದರೆ ಮರ್ಯಾದೆ ಹಾರಿದ ದೂರಕ್ಕಲ್ಲ, ಕೊಟ್ಟ ದುಡ್ಡಿಗೆ.

ನಮ್ಮ ಕರಾವಳಿಯವರಿಗೆ ಇನ್ನೊಂದು ವಿಷಯವಿದೆ. ಎಮಿರೇಟ್ಸ್ ವಿಮಾನ ಬಜ್ಪೆಗೆ ಬರುವುದಿಲ್ಲ. 2006ರಿಂದ ಬಜ್ಪೆಗೂ ದುಬೈಗೂ ನೇರ ಸಂಪರ್ಕ ಕೊಟ್ಟದ್ದು ಏರ್ ಇಂಡಿಯಾ ಎಕ್ಸ್‌ಪ್ರೆಸ್. ಅದನ್ನು ಹತ್ತುವಾಗ ಎಮಿರೇಟ್ಸ್‌ನ ಸಿಲ್ವರ್ ಕಾರ್ಡ್ ಒಂದು ಕಿಲೋವನ್ನೂ ಹೆಚ್ಚಿಸದು. ಕಾರ್ಡ್ ಉಪಯೋಗಿಸಬೇಕಾದರೆ ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಇಳಿದು, ಪೆಟ್ಟಿಗೆ ಹೊತ್ತು ಬಸ್ಸು ರೈಲು ಹಿಡಿಯಬೇಕು.

ಹಾಗಾದರೆ ಈ ಕಾರ್ಡ್ ಯಾರಿಗೂ ಬೇಡವೇ? ಹಾಗಲ್ಲ. ವ್ಯಾಪಾರಕ್ಕೆಂದು ವರ್ಷಕ್ಕೆ ಹಲವು ಬಾರಿ ಹಾರುವವರಿಗೆ ಅದು ತಾನಾಗಿಯೇ ಬರುತ್ತದೆ. ಸ್ವಲ್ಪ ಕಡಿಮೆ ಬಿದ್ದರೆ, ಹೇಗೂ ಮಾಡಬೇಕಾದ ಪ್ರಯಾಣವನ್ನು ಅವಧಿಯೊಳಗೆ ಮಾಡಿಕೊಂಡರೆ ತಪ್ಪಿಲ್ಲ. ಜಿದ್ದಾ ಮೂಲಕ ಉಮ್ರಾಕ್ಕೆ ಹೋಗುವಾಗ ಮೈಲ್ಸ್ ಸಿಕ್ಕಿದರೆ ಅಲ್‌ಹಮ್ದುಲಿಲ್ಲಾಹ್. ಆದರೆ ನಿಯ್ಯತ್ ಉಮ್ರಾದ್ದೇ ಇರಲಿ, ಮೈಲ್ಸ್‌ನದ್ದಲ್ಲ.

ಎರಡು ಕಡೆ ನಾವು ಎಚ್ಚರವಿರಬೇಕು. ಕೆಲಸ ಕೊಟ್ಟವನ ದುಡ್ಡಿನಲ್ಲಿ ಹೋಗುವಾಗ, ನಮ್ಮ ಪಾಯಿಂಟಿಗೋಸ್ಕರ ಅವನಿಗೆ ತಿಳಿಸದೆ ದುಬಾರಿ ಟಿಕೆಟ್ ಆರಿಸಿದರೆ ಅದು ಅಮಾನತ್‌ನಲ್ಲಿ ಮಾಡಿದ ಮೋಸ. ಮೈಲ್ಸ್ ಆಸೆಗೆ ಕ್ರೆಡಿಟ್ ಕಾರ್ಡ್ ಉಜ್ಜಿ, ಆಮೇಲೆ ಬಡ್ಡಿ ಕಟ್ಟುತ್ತಾ ಕುಳಿತರೆ ಅದು ರಿಬಾ. ಇವೆರಡೂ ಇಲ್ಲದಿದ್ದರೂ, ಅಗತ್ಯವೇ ಇಲ್ಲದ ಹಾರಾಟಕ್ಕೆ ಖರ್ಚು ಮಾಡುವುದು ಇಸ್ರಾಫ್ ಅಲ್ಲದೆ ಇನ್ನೇನು?

ಟಿಕೆಟ್ ತೆಗೆಯುವ ಮೊದಲು ಒಂದು ಕಾಗದದಲ್ಲಿ ಬರೆದು ನೋಡಿ. ಒಂದು ಬದಿಗೆ ಟಿಕೆಟ್, ಟ್ಯಾಕ್ಸಿ, ಊಟ, ಕಳೆದುಹೋದ ರಜೆ. ಇನ್ನೊಂದು ಬದಿಗೆ ಅಷ್ಟೇ ಲಗೇಜನ್ನು ಮುಂಗಡವಾಗಿ ಖರೀದಿಸಿದರೆ ಆಗುವ ದರ. ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ಊರಿಗೆ ಬರುವವನಿಗೆ ಉತ್ತರ ಅಲ್ಲೇ ಸಿಗುತ್ತದೆ. ಮನೆಯಲ್ಲಿ ಉಮ್ಮ ಕಾಯುತ್ತಿರುವುದು ಮಗನನ್ನು. ಮಸ್ಕತ್‌ಗೆ ಸುಮ್ಮನೆ ಹೋಗಿ ಬರುವ ದುಡ್ಡನ್ನೂ ರಜೆಯನ್ನೂ ಕೂಡಿಟ್ಟರೆ, ಅವಳ ಹತ್ತಿರ ಇನ್ನೆರಡು ದಿನ ಹೆಚ್ಚು ಕೂರಬಹುದು.